ಸರ್ವರ್‌ಗೆ ಹೊಸ ಹೆಸರು: ಬಳಕೆದಾರರ ವಿಳಾಸವೂ ಬದಲಾಗಬೇಕು

ಕಚೇರಿಯ ಗಣಕಜಾಲದಲ್ಲಿ ಎಲ್ಲರ ಕಡತಗಳನ್ನೂ ಕಾಯ್ದಿಡುವ ಸರ್ವರ್‌ನ ಹೆಸರು ಬದಲಿಸುವುದು ಕೆಲವೇ ನಿಮಿಷಗಳ ಕೆಲಸ. ಹೊಸ ಹೆಸರು ಬರೆದು, ಯಂತ್ರವನ್ನು ಮರುಚಾಲನೆ ಮಾಡಿದರಾಯಿತು. ತೊಂದರೆ ಆರಂಭವಾಗುವುದು ಮರುದಿನ ಬೆಳಿಗ್ಗೆ. ಸಿಬ್ಬಂದಿ ಎಂದಿನಂತೆ ಪಾಸ್‌ವರ್ಡ್ ನೀಡಿ ಲಾಗಿನ್ ಆಗುತ್ತಾರೆ. ಆದರೆ ತಮ್ಮ ಕಡತಗಳಿದ್ದ ಡ್ರೈವ್ ಕಾಣಿಸುವುದಿಲ್ಲ. ವರ್ಷಗಳ ಲೆಕ್ಕಪತ್ರವೆಲ್ಲ ಅಳಿಸಿಹೋಯಿತೆಂಬ ಗಾಬರಿ ಹುಟ್ಟುತ್ತದೆ. ವಾಸ್ತವದಲ್ಲಿ ಕಡತಗಳು ಇದ್ದಲ್ಲಿಯೇ ಇರುತ್ತವೆ. ಅಲ್ಲಿಗೆ ದಾರಿ ತೋರುವ ವಿಳಾಸ ಮಾತ್ರ ಹಳತಾಗಿರುತ್ತದೆ. ಆದರೆ ಗಾಬರಿಯಲ್ಲಿ ಕೈಗೊಳ್ಳುವ ತಪ್ಪು ಕ್ರಮಗಳಿಂದ ನಿಜವಾದ ನಷ್ಟವೇ ಸಂಭವಿಸುವುದುಂಟು.

ವಿಳಾಸ ಎಲ್ಲಿ ಬರೆದಿರುತ್ತದೆ?

ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 2000ರೊಂದಿಗೆ ಪರಿಚಯಿಸಿದ ಆಕ್ಟಿವ್ ಡೈರೆಕ್ಟರಿಯು ಒಂದು ಸಂಸ್ಥೆಯ ಬಳಕೆದಾರರ ಮತ್ತು ಗಣಕಗಳ ಕೋಶ. ಅದರಲ್ಲಿ ಪ್ರತಿ ಬಳಕೆದಾರರಿಗೂ ಒಂದು ದಾಖಲೆಯಿರುತ್ತದೆ. ಹೋಮ್ ಫೋಲ್ಡರ್ ಎಲ್ಲಿದೆ, ಪ್ರೊಫೈಲ್ ಎಲ್ಲಿದೆ ಎಂಬ ವಿವರಗಳು ಆ ದಾಖಲೆಯಲ್ಲಿ ‘\\ಹಳೆಸರ್ವರ್\ಹೋಮ್\ಸುಮಾ’ ಎಂಬಂತೆ ಬರೆದಿರುತ್ತವೆ. ಸರ್ವರ್‌ನ ಹೆಸರು ಬದಲಾದಾಗ ಆ ಯಂತ್ರದ ದಾಖಲೆ ತಾನಾಗಿಯೇ ಪರಿಷ್ಕೃತವಾಗುತ್ತದೆ. ಬಳಕೆದಾರರ ದಾಖಲೆಯೊಳಗಿನ ವಿಳಾಸವಾದರೋ ಕೇವಲ ಅಕ್ಷರಗಳ ಸಾಲು. ಅದನ್ನು ಯಾರಾದರೂ ತಿದ್ದುವವರೆಗೆ ಅದು ಹಳೆಯ ಹೆಸರನ್ನೇ ಹೇಳುತ್ತಿರುತ್ತದೆ.

ಪ್ರೊಫೈಲ್ ವಿಳಾಸ ತಪ್ಪಿದರೆ ಅಪಾಯ ಇನ್ನೂ ಹೆಚ್ಚು. ಸರ್ವರ್‌ನಲ್ಲಿರುವ ಪ್ರೊಫೈಲ್ ಸಿಗದಿದ್ದಾಗ ವಿಂಡೋಸ್ ಗಣಕದಲ್ಲಿಯೇ ಉಳಿದಿರುವ ಪ್ರತಿಯನ್ನು ಬಳಸುತ್ತದೆ. ಅದೂ ಇಲ್ಲದಿದ್ದರೆ ತಾತ್ಕಾಲಿಕ ಪ್ರೊಫೈಲ್ ತೆರೆದುಕೊಳ್ಳಬಹುದು. ಅದರ ಡೆಸ್ಕ್‌ಟಾಪ್‌ನಲ್ಲಿ ಇಡೀ ದಿನ ಉಳಿಸಿದ ಕೆಲಸ ಸಂಜೆ ಲಾಗ್‌ಆಫ್ ಆದೊಡನೆ ಅಳಿಸಿಹೋಗುತ್ತದೆ. ಅಂತಹ ಎಚ್ಚರಿಕೆಯ ಸಂದೇಶ ಪರದೆಯ ಮೇಲೆ ಕಂಡರೆ ಕೆಲಸ ನಿಲ್ಲಿಸಿ ತಾಂತ್ರಿಕ ಸಿಬ್ಬಂದಿಗೆ ತಿಳಿಸುವುದೇ ಸರಿ.

ಹೆಸರು ಬೇರೆ, ಗುರುತು ಬೇರೆ

ಇಂತಹ ಸಂದರ್ಭದಲ್ಲಿ ಬಳಕೆದಾರರ ಖಾತೆಯನ್ನೇ ಅಳಿಸಿ, ಅದೇ ಹೆಸರಿನಲ್ಲಿ ಮತ್ತೆ ತೆರೆಯುವ ಯೋಚನೆ ಕೆಲವರಿಗೆ ಬರುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ವಿಂಡೋಸ್ ಬಳಕೆದಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ಸೆಕ್ಯುರಿಟಿ ಐಡೆಂಟಿಫೈಯರ್ ಎಂಬ ಸಂಖ್ಯೆಯಿಂದ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಎಂಬ ಅಧಿಕೃತ ಇಂಗ್ಲಿಷ್ ಹೆಸರು ಬೆಂಗಳೂರು ಎಂದಾಯಿತು; ಆದರೆ ವಿಮಾನ ನಿಲ್ದಾಣದ ಸಂಕೇತ ಬಿಎಲ್‌ಆರ್ ಆಗಿಯೇ ಉಳಿಯಿತು. ಹಾಗೆಯೇ ಹೆಸರು ಬದಲಾದರೂ ಖಾತೆಯ ಸಂಖ್ಯೆ ಬದಲಾಗದು. ಆದರೆ ಖಾತೆಯನ್ನು ಅಳಿಸಿ ಹೊಸದಾಗಿ ತೆರೆದರೆ, ಹೆಸರು ಅದೇ ಆಗಿದ್ದರೂ ಸಂಖ್ಯೆ ಹೊಸದಾಗುತ್ತದೆ. ಫೋಲ್ಡರ್‌ಗಳ ಮೇಲಿನ ಅನುಮತಿಗಳೆಲ್ಲ ಹಳೆಯ ಸಂಖ್ಯೆಯ ಹೆಸರಿನಲ್ಲಿ ಇರುವುದರಿಂದ ಬಾಗಿಲು ಮುಚ್ಚಿಹೋಗುತ್ತದೆ. ಅನುಮತಿಯನ್ನಾದರೆ ಮತ್ತೆ ಕೊಡಬಹುದು. ಬಳಕೆದಾರರು ವಿಂಡೋಸ್‌ನ ಗೂಢಲಿಪೀಕರಣ ಸೌಲಭ್ಯದಿಂದ ಭದ್ರಪಡಿಸಿದ ಕಡತಗಳಿದ್ದು, ಅವುಗಳ ಕೀಲಿಯ ಪ್ರತಿಯಾಗಲೀ ಮರಳಿ ಪಡೆಯುವ ವ್ಯವಸ್ಥೆಯಾಗಲೀ ಇಲ್ಲದಿದ್ದರೆ ಅವನ್ನು ತೆರೆಯಲು ಸಾಧ್ಯವಾಗದು.

ಸರಿಯಾದ ಕ್ರಮ

ಮೊದಲನೆಯದಾಗಿ, ಹೆಸರು ಬದಲಿಸುವ ಮುನ್ನ ಎಲ್ಲ ಬಳಕೆದಾರರ ಈಗಿನ ವಿಳಾಸಗಳ ಪಟ್ಟಿಯನ್ನು ಕಡತವಾಗಿ ತೆಗೆದಿಟ್ಟುಕೊಳ್ಳಬೇಕು. ತಿದ್ದುವಾಗ ಎಡವಿದರೆ ಹಿಂದಿರುಗಲು ಇದೇ ಆಧಾರ. ಲ್ಯಾಪ್‌ಟಾಪ್‌ನಲ್ಲಿ ಆಫ್‌ಲೈನ್ ಕಡತಗಳನ್ನು ಬಳಸುವವರು ಮೊದಲು ಸರ್ವರ್ ಸಂಪರ್ಕಕ್ಕೆ ಬಂದು ಸಿಂಕ್ ಮುಗಿಸಬೇಕು. ಆ ಪ್ರತಿಗಳು ಹಳೆಯ ವಿಳಾಸಕ್ಕೆ ಅಂಟಿಕೊಂಡಿರುವುದರಿಂದ, ಸಿಂಕ್ ಆಗದ ಬದಲಾವಣೆಗಳು ಅಲ್ಲಿಯೇ ಸಿಲುಕಿಕೊಳ್ಳಬಹುದು.

ಎರಡನೆಯದಾಗಿ, ಹಳೆಯ ಹೆಸರನ್ನು ಒಮ್ಮೆಲೇ ಬಿಡಬಾರದು. ವಿಂಡೋಸ್ ಸರ್ವರ್‌ನ ನೆಟ್‌ಡಾಮ್ ಆದೇಶದ ಮೂಲಕ ಹಳೆಯ ಹೆಸರನ್ನು ಪರ್ಯಾಯ ಹೆಸರಾಗಿ ಉಳಿಸಿಕೊಳ್ಳಬಹುದು. ಆಗ ಎರಡೂ ಹೆಸರುಗಳಿಗೆ ಅದೇ ಸರ್ವರ್ ಓಗೊಡುತ್ತದೆ. ತಿದ್ದುವ ಕೆಲಸಕ್ಕೆ ಕಾಲಾವಕಾಶವೂ ಸಿಗುತ್ತದೆ.

ಮೂರನೆಯದು ದಾಖಲೆಗಳ ತಿದ್ದುಪಡಿ. ಆಡಳಿತ ತಂತ್ರಾಂಶದಲ್ಲಿ ಅನೇಕ ಬಳಕೆದಾರರನ್ನು ಒಟ್ಟಿಗೆ ಆಯ್ದು, ವಿಳಾಸದ ಕೊನೆಯಲ್ಲಿ ಯೂಸರ್‌ನೇಮ್ ಎಂಬ ಪದವನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆದರೆ, ಆಯಾ ಬಳಕೆದಾರರ ಲಾಗಿನ್ ಹೆಸರು ಅಲ್ಲಿ ಸೇರುತ್ತದೆ. ಆದರೆ ಫೋಲ್ಡರ್‌ನ ಹೆಸರೂ ಲಾಗಿನ್ ಹೆಸರೂ ಒಂದೇ ಇದ್ದಾಗ ಮಾತ್ರ ಈ ವಿಧಾನ ಸರಿ. ಮದುವೆಯ ನಂತರವೋ ಬೇರೆ ಕಾರಣಕ್ಕೋ ಲಾಗಿನ್ ಹೆಸರು ಬದಲಿಸಿಕೊಂಡವರ ಫೋಲ್ಡರ್ ಹಳೆಯ ಹೆಸರಿನಲ್ಲಿಯೇ ಇರಬಹುದು. ಅಂಥವರಿಗೆ ಹೊಸ, ಖಾಲಿ ಫೋಲ್ಡರ್ ಸೃಷ್ಟಿಯಾಗಿ ಮತ್ತದೇ ಗಾಬರಿ ಮರುಕಳಿಸುತ್ತದೆ. ಬಳಕೆದಾರರ ಸಂಖ್ಯೆ ದೊಡ್ಡದಾಗಿದ್ದರೆ ಪವರ್‌ಶೆಲ್ ಮೂಲಕ ಪ್ರತಿ ವಿಳಾಸದಲ್ಲಿ ಸರ್ವರ್‌ನ ಹೆಸರನ್ನಷ್ಟೇ ಬದಲಿಸಿ, ಉಳಿದ ಭಾಗವನ್ನು ಇದ್ದಂತೆಯೇ ಬಿಡುವುದು ಕ್ಷೇಮ. ಮೊದಲು ಒಂದಿಬ್ಬರ ದಾಖಲೆಗಳನ್ನು ತಿದ್ದಿ, ಅವರಿಂದ ಲಾಗಿನ್ ಮಾಡಿಸಿ ನೋಡಿದ ಬಳಿಕವೇ ಉಳಿದವರ ಸರದಿ.

ಬಳಕೆದಾರರ ದಾಖಲೆಗಳನ್ನು ತಿದ್ದಿದಾಕ್ಷಣ ಕೆಲಸ ಮುಗಿಯದು. ಲಾಗಿನ್ ಸ್ಕ್ರಿಪ್ಟ್‌ಗಳು, ಗ್ರೂಪ್ ಪಾಲಿಸಿಯಲ್ಲಿನ ಫೋಲ್ಡರ್ ವಿಳಾಸಗಳು, ಹಂಚಿಕೊಂಡ ಪ್ರಿಂಟರ್‌ಗಳು, ಡೆಸ್ಕ್‌ಟಾಪ್ ಶಾರ್ಟ್‌ಕಟ್‌ಗಳು, ಒಂದಕ್ಕೊಂದು ಜೋಡಿಸಿದ ಎಕ್ಸೆಲ್ ಕಡತಗಳು, ಇವೆಲ್ಲವುಗಳಲ್ಲಿಯೂ ಹಳೆಯ ಹೆಸರು ಅಡಗಿರಬಹುದು. ಅವೆಲ್ಲ ಬದಲಾದವೆಂದು ಖಚಿತವಾದ ಮೇಲೆಯೇ ಪರ್ಯಾಯ ಹೆಸರನ್ನು ತೆಗೆಯಬೇಕು.

ಮುಂದೆ ಈ ತಾಪತ್ರಯ ಬೇಡವೆಂದರೆ, ಬಳಕೆದಾರರ ವಿಳಾಸದಲ್ಲಿ ಯಂತ್ರದ ಹೆಸರನ್ನೇ ಬರೆಯದಿರುವುದು ಉತ್ತಮ. ಡಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ವಿಳಾಸವು ಸಂಸ್ಥೆಯ ಡೊಮೇನ್ ಹೆಸರಿನಿಂದ ಆರಂಭವಾಗುತ್ತದೆ. ಅದರ ಹಿಂದಿರುವ ಸರ್ವರ್ ಯಾವುದೆಂಬುದನ್ನು ಒಂದೇ ಕಡೆ ದಾಖಲಿಸಿದರೆ ಸಾಕು. ನಾಳೆ ಸರ್ವರ್‌ನ ಹೆಸರು ಬದಲಾದರೂ, ಯಂತ್ರವೇ ಬದಲಾದರೂ, ತಿದ್ದಬೇಕಾದದ್ದು ಆ ಒಂದು ನಮೂದನ್ನು. ಸಿಬ್ಬಂದಿಯ ಡ್ರೈವ್ ಎಂದಿನಂತೆ ತೆರೆದುಕೊಳ್ಳುತ್ತದೆ.