ಕಣ್ಣಿನ ಚೀಟಿ ಎಲ್ಲಿದೆ?

ಕನ್ನಡಕದ ನಂಬರ್ ಬರೆದ ಚೀಟಿ ನಿಮ್ಮ ಮನೇಲಿ ಎಲ್ಲಿದೆ? ನಂದಂತೂ ಕಳೆದುಹೋಗಿದೆ. ನಂಬರ್ ಬಿಡಿ, ಮತ್ತೆ ಪರೀಕ್ಷೆ ಮಾಡಿಸಬಹುದು. ಆದರೆ ಗ್ಲಾಕೋಮಾ? ಬಹುತೇಕ ನೋವಿಲ್ಲದೆ ಬರುವ ಕಾಯಿಲೆ. ಹೋದ ದೃಷ್ಟಿ ವಾಪಸ್ ಬರಲ್ಲ. ಕಣ್ಣಿನ ಒತ್ತಡ ಇವತ್ತು 20 ಅಂದ್ರೆ ಅಷ್ಟರಿಂದಲೇ ಏನೂ ತೀರ್ಮಾನ ಆಗಲ್ಲ. ಮೂರು ವರ್ಷದ ಹಿಂದೆ ಎಷ್ಟಿತ್ತು, ಕಣ್ಣಿನ ನರ ಹೇಗಿತ್ತು ಅಂತ ಹೋಲಿಸಿ ನೋಡಬೇಕು. ಆ ಹಳೇ ಅಂಕಿ ಚೀಟಿಯಲ್ಲಿದ್ದರೆ ಕಳೆಯುತ್ತೆ, ಕಂಪ್ಯೂಟರಿನಲ್ಲಿದ್ದರೆ ಸಿಗುತ್ತೆ.

ಸರ್ಕಾರ 2021ರಲ್ಲಿ ದೇಶಾದ್ಯಂತ ತಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ಆಭಾ ಸಂಖ್ಯೆ ಇದೆ. ನೀವು ಒಪ್ಪಿದರೆ ಅದರ ಮೂಲಕ ದಾಖಲೆ ಇನ್ನೊಬ್ಬ ವೈದ್ಯರಿಗೂ ತಲುಪುತ್ತೆ. ಟೈಪ್ ಮಾಡೋಕೆ ಟೈಮಿಲ್ಲ ಅಂತಾರೆ ಸಣ್ಣ ಕ್ಲಿನಿಕ್‌ನವರು. ಕಷ್ಟ ನಿಜ. ಆದರೆ ಕಣ್ಣು ನಮ್ದಲ್ವಾ? ಮುಂದಿನ ಸಲ ಹೋದಾಗ ಕೇಳಿ: ನನ್ನ ದಾಖಲೆ ಎಲ್ಲಿಡ್ತೀರಿ ಸ್ವಾಮಿ?