ಕಿರು ಲೋಹಶಿಲ್ಪ: ತೂಕ, ಭಾವ ಮತ್ತು ಬೆಲೆ

ಭಟ್ಕಳ–ಮುರ್ಡೇಶ್ವರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿರುವ ಶಿರಾಲಿಗೆ ಚಿತ್ರಾಪುರ ಮಠದ ದರ್ಶನಕ್ಕಾಗಿ ಯಾತ್ರಿಕರು ಬರುತ್ತಾರೆ. ಮುರ್ಡೇಶ್ವರಕ್ಕೆ ಹೋಗುವವರೂ ಈ ದಾರಿಯಲ್ಲಿ ಹಾದುಹೋಗುತ್ತಾರೆ. ಚೀಲದಲ್ಲಿ ಒಯ್ಯಬಹುದಾದ ನೆನಪಿನ ವಸ್ತುವನ್ನು ಅರಸುವ ಇಂತಹ ಗ್ರಾಹಕರಿಗೆ ಅಂಗೈಯಗಲದ ಲೋಹಶಿಲ್ಪವು ಒಪ್ಪುವ ಸರಕು. ಆದರೆ ಅದನ್ನು ಪಾತ್ರೆಯಂತೆ ತೂಗಿ ಮಾರಿದರೆ ದಕ್ಕುವುದು ಲೋಹದ ಬೆಲೆ ಮಾತ್ರ. ಕುಶಲಕರ್ಮಿಯ ಕೈಚಳಕಕ್ಕೆ ಪ್ರತಿಫಲ ದೊರೆಯದು. ಆದ್ದರಿಂದ ಈ ಶಿಲ್ಪದ ತಯಾರಿಕೆಯನ್ನೂ ಅದರಲ್ಲಿ ಭಾವ ಮೂಡುವ ಬಗೆಯನ್ನೂ ವರ್ತಕರು ಅರಿತಿರುವುದು ಅವಶ್ಯ.

ಮೇಣದಿಂದ ಲೋಹಕ್ಕೆ

ಕಲ್ಯಾಣ ಚಾಲುಕ್ಯ ದೊರೆ 3ನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮೇಣದೆರಕದ ವಿಧಾನವು ವಿವರಿಸಲ್ಪಟ್ಟಿದೆ. ಜೇನುಮೇಣದಲ್ಲಿ ಮೂರ್ತಿಯನ್ನು ತಿದ್ದಿ, ನುಣುಪಾದ ಮಣ್ಣಿನಿಂದ ಆರಂಭಿಸಿ ಪದರಪದರವಾಗಿ ಮೆತ್ತಿ, ನೆರಳಿನಲ್ಲಿ ಒಣಗಿಸುತ್ತಾರೆ. ಅಚ್ಚನ್ನು ಕಾಯಿಸಿದಾಗ ಮೇಣವು ಕರಗಿ ಹೊರಹರಿಯುತ್ತದೆ. ಆ ತೆರವಿಗೆ ಕರಗಿದ ಲೋಹವನ್ನು ಎರೆಯುತ್ತಾರೆ. ಮೂರ್ತಿಯನ್ನು ಹೊರತೆಗೆಯಲು ಅಚ್ಚನ್ನು ಒಡೆಯಬೇಕಾದ್ದರಿಂದ ಒಂದು ಮಣ್ಣಚ್ಚಿಗೆ ಒಂದೇ ಮೂರ್ತಿ.

ಮೇಣವನ್ನು ತೂಗಿ ಲೋಹದ ಪ್ರಮಾಣವನ್ನು ನಿರ್ಧರಿಸುವ ಕ್ರಮವೂ ಆ ಗ್ರಂಥದಲ್ಲಿದೆ. ಹಿತ್ತಾಳೆಯು ಜೇನುಮೇಣಕ್ಕಿಂತ ಸುಮಾರು 9 ಪಟ್ಟು ಭಾರ. ಅಂದರೆ 50 ಗ್ರಾಂ ಮೇಣದ ಗಟ್ಟಿ ಮೂರ್ತಿಗೆ ಸುಮಾರು 450 ಗ್ರಾಂ ಹಿತ್ತಾಳೆ ಬೇಕು. ಎರಕದ ನಾಳಗಳಲ್ಲಿ ನಿಲ್ಲುವ ಲೋಹ ಬೇರೆ. ಕಚ್ಚಾಮಾಲಿನ ಲೆಕ್ಕ ಇಷ್ಟೇ.

ಭಾವದ ನೆಲೆ

ಕಿರುಶಿಲ್ಪದಲ್ಲಿ ಮುಖಭಾವಕ್ಕೆ ಅವಕಾಶ ಕಡಿಮೆ. ಭಾವವನ್ನು ನಿಲುವೇ ಹೊರಬೇಕು. ಅಘನಾಶಿನಿ ತೀರದ ಗಜನಿ ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಯ ಕತ್ತು ತುಸು ಒಳಗೆ ಬಾಗಿದರೆ ಅದು ಕಾಯುವ ತಾಳ್ಮೆ. ಅದೇ ಕತ್ತು ಮುಂದಕ್ಕೆ ಚಾಚಿದರೆ ಹಸಿವು. ಎರಡರ ತೂಕವೂ ಒಂದೇ ಇರಬಹುದು, ನೋಡುವವನ ಮನಸ್ಸಿನಲ್ಲಿ ಉಳಿಯುವ ಭಾವ ಮಾತ್ರ ಬೇರೆ. ಬೆಲೆ ಕಟ್ಟಬೇಕಾದುದು ಈ ವ್ಯತ್ಯಾಸಕ್ಕೆ.

ಹೂಬಳ್ಳಿ, ಹಕ್ಕಿಗಳನ್ನು ಶ್ರೀಗಂಧದಲ್ಲಿ ಕೆತ್ತುವ ಉತ್ತರ ಕನ್ನಡದ ಗುಡಿಗಾರರಿಗೆ ಇಂತಹ ಕಣ್ಣು ಪರಂಪರೆಯಿಂದ ಬಂದಿದೆ. ಅವರು ತಿದ್ದಿದ ಮೇಣದ ಮಾದರಿಯನ್ನು, ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದಂತಹ ಊರುಗಳಲ್ಲಿ ಎರಕ ಹೊಯ್ಯಿಸುವುದು ಸಣ್ಣ ಉದ್ಯಮಿಗಳು ಪರಿಶೀಲಿಸಬಹುದಾದ ಮಾರ್ಗ.

ದಾಸ್ತಾನಿನ ಜೋಪಾನ

ಕರಾವಳಿಯ ಉಪ್ಪುಗಾಳಿಯು ತಾಮ್ರಯುಕ್ತ ಲೋಹವನ್ನು ಕೊರೆಯುತ್ತದೆ. ಮೇಲೆ ಹಸಿರು ಪುಡಿ ಕಂಡರೆ ಅದೇ ಸೂಚನೆ. ಮೂರ್ತಿಯನ್ನು ಒಣಗಿದ ಸ್ಥಳದಲ್ಲಿರಿಸಿ ಮೇಣದ ತೆಳುಲೇಪ ಕೊಡುವುದು ಲೇಸು. ಪಾತ್ರೆಯಂತೆ ಹುಣಸೆಹಣ್ಣಿನಿಂದ ಉಜ್ಜಿದರೆ ಶಿಲ್ಪಿ ಉದ್ದೇಶಪೂರ್ವಕವಾಗಿ ಉಳಿಸಿದ ಕಂದುಛಾಯೆಯೂ ಅದರೊಡನೆ ಭಾವವೂ ಅಳಿಯುತ್ತವೆ.

ಪ್ರತಿ ಮೂರ್ತಿಯೊಡನೆ ಲೋಹ, ಎರಕದ ವಿಧಾನ ಮತ್ತು ಶಿಲ್ಪಿಯ ಹೆಸರುಳ್ಳ ಚೀಟಿಯನ್ನಿರಿಸಿದರೆ ತೂಕಕ್ಕಿಂತ ಹೆಚ್ಚಿನ ಬೆಲೆಯೇಕೆಂಬುದನ್ನು ಗ್ರಾಹಕನಿಗೆ ಮನಗಾಣಿಸುವುದು ಸುಲಭವಾದೀತು.