ವಿಷ ಕುಡಿದವರ ಪಕ್ಕದಲ್ಲಿ ದಾದಿಯರು

ಕರುಮತ್ತಂಪಟ್ಟಿಯ ಸುತ್ತಮುತ್ತ ಮಗ್ಗದ ಮನೆಗಳಿರುವಂತೆ ಬಾಳೆ, ತೆಂಗು, ತರಕಾರಿ ತೋಟಗಳೂ ಇವೆ. ತೋಟಕ್ಕೆ ಹೊಡೆಯುವುದನ್ನು ನಾವು ‘ಔಷಧಿ’ ಎನ್ನುತ್ತೇವೆ. ಆದರೆ ಮನುಷ್ಯನ ಹೊಟ್ಟೆ ಸೇರಿದರೆ ಅದು ವಿಷ.

ಸತ್ಯಮಂಗಲದ ಕಾಡುಬೆಟ್ಟಗಳ ಆಚೆ, ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ನಡೆದ ದುರಂತವನ್ನು ಮರೆಯಲಾಗದು. ಮಾರಮ್ಮನ ಗುಡಿಯಲ್ಲಿ ಹಂಚಿದ ಪ್ರಸಾದಕ್ಕೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆಸಲಾಗಿತ್ತು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಮಂದಿ ತೀರಿಕೊಂಡರು. ಅನೇಕರನ್ನು ಮೊದಲು ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿನ ಹಲವು ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಹೆಚ್ಚಿನವರು ಬದುಕಿ ಮನೆಗೆ ಮರಳಿದರು.

ಇಂತಹ ರೋಗಿಯನ್ನು ಒಬ್ಬರೇ ಉಳಿಸಲಾರರು. ಈ ವಿಷ ನರಗಳ ಕೆಲಸವನ್ನು ಕೆಡಿಸುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ ಸದ್ದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಒಬ್ಬ ದಾದಿ ಬಾಯಿ, ಗಂಟಲಿನ ನೀರನ್ನು ಹೀರಿ ತೆಗೆದು ಆಮ್ಲಜನಕ ಕೊಡುತ್ತಾರೆ. ಇನ್ನೊಬ್ಬರು ಕೈಗವಸು ತೊಟ್ಟು, ವಿಷ ತಾಗಿದ ಬಟ್ಟೆ ಬಿಚ್ಚಿ ಸೋಪಿನಿಂದ ಮೈ ತೊಳೆಯುತ್ತಾರೆ. ಮತ್ತೊಬ್ಬರು ವೈದ್ಯರು ಹೇಳಿದಂತೆ ಅಟ್ರೋಪಿನ್ ಚುಚ್ಚುತ್ತಾರೆ. ಎಷ್ಟು ಹೊತ್ತಿಗೆ ಎಷ್ಟು ಕೊಟ್ಟದ್ದು ಎಂದು ಬರೆದಿಡುವವರು ಬೇರೊಬ್ಬರು. ಮೊದಮೊದಲು ಐದೈದು ನಿಮಿಷಕ್ಕೊಮ್ಮೆ ನಾಡಿ, ಎದೆಯ ಸದ್ದು ನೋಡಬೇಕು.

ಮೊದಲ ದಿನ ಕಳೆದರೂ ಅಪಾಯ ಮುಗಿಯುವುದಿಲ್ಲ. ಒಂದರಿಂದ ನಾಲ್ಕು ದಿನಗಳೊಳಗೆ ಕೆಲವರ ಕುತ್ತಿಗೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. “ಅಪ್ಪಾ, ದಿಂಬಿನಿಂದ ತಲೆ ಸ್ವಲ್ಪ ಎತ್ತಿ” ಎಂದು ದಾದಿ ಕೇಳುವುದು ಇದಕ್ಕಾಗಿಯೇ. ತಲೆ ಏಳದಿದ್ದರೆ ಉಸಿರಾಟದ ಯಂತ್ರ ಬೇಕಾದೀತೆಂದು ಕೂಡಲೇ ವೈದ್ಯರಿಗೆ ತಿಳಿಸುತ್ತಾರೆ. ಪಾಳಿ ಬದಲಾದಾಗ ಈ ಮಾತು ಮುಂದಿನವರ ಕಿವಿಗೂ ಬೀಳಬೇಕು.

ಅಟ್ರೋಪಿನ್ ಹೆಚ್ಚಾದರೆ ರೋಗಿ ಬಡಬಡಿಸುತ್ತಾನೆ, ನಳಿಗೆ ಕೀಳುತ್ತಾನೆ, ಬೈಯುತ್ತಾನೆ. ಅದು ಅವನ ಮಾತಲ್ಲ, ಮದ್ದಿನ ಮಾತು. ಇದನ್ನು ಬಲ್ಲ ದಾದಿ ಸಿಟ್ಟಾಗದೆ ಕೈ ಹಿಡಿದು ಕೂರುತ್ತಾರೆ, ಹೊರಗೆ ಅಳುತ್ತಿರುವ ತಾಯಿಗೂ ತಿಳಿಸಿ ಹೇಳುತ್ತಾರೆ. ಸಾಲದ ಸಂಕಟದಲ್ಲಿ ತಾನಾಗಿ ವಿಷ ಕುಡಿದು ಬಂದವನನ್ನೂ “ಯಾಕೆ ಹೀಗೆ ಮಾಡಿಕೊಂಡೆ?” ಎಂದು ಗದರಿಸುವುದಿಲ್ಲ. ನಾವೂ ಗದರಿಸಬಾರದು. ಅವನಿಗೆ ಆಗ ಬೇಕಾದದ್ದು ಉಸಿರು, ಆಮೇಲೆ ಸಾಂತ್ವನ.

ಓದುಗರೇ, ಆಸ್ಪತ್ರೆ ತಲಪುವವರೆಗೆ ನಾವು ಮಾಡಬೇಕಾದದ್ದು ಇಷ್ಟು:

1. ಕೂಡಲೇ 108ಕ್ಕೆ ಫೋನ್ ಮಾಡಿ.
2. ಉಪ್ಪುನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದೀತು.
3. ಎಡಮಗ್ಗುಲಿಗೆ ಮಲಗಿಸಿ. ನಿಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ವಿಷ ತಾಗಿದ ಬಟ್ಟೆ ತೆಗೆದು ಮೈ ತೊಳೆಯಿರಿ.
4. ಡಬ್ಬವನ್ನು ಚೀಟಿಯ ಸಮೇತ ತನ್ನಿ. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ಸಾಗುತ್ತದೆ.

ಮೊನೊಕ್ರೊಟೊಫಾಸ್ 36 ಎಸ್.ಎಲ್. ಮಾರಾಟಕ್ಕೆ ಕೇಂದ್ರ ಸರಕಾರ 2023ರಲ್ಲಿ ತಡೆಯೊಡ್ಡಿತು. ಆದರೂ ಅದೇ ಜಾತಿಯ ಬೇರೆ ಕೀಟನಾಶಕಗಳು ನಮ್ಮ ಕೊಟ್ಟಿಗೆಯಲ್ಲಿವೆ. ಉಳಿದದ್ದನ್ನು ಕುಡಿಯುವ ಬಾಟಲಿಗೆ ಸುರಿಯದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ರಾತ್ರಿಯಿಡೀ ನಿದ್ದೆಗೆಟ್ಟು ಕಾಯುವ ಆ ದಾದಿಯರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಇದೇ.